ಬೀದಿದೀಪದ ನೆರಳಿಗೆ ಯಾವ ಕಪ್ಪು?

ಚಿಕ್ಕಮಗಳೂರಿನ ಎಂ.ಜಿ. ರಸ್ತೆ. ಮಳೆ ನಿಂತ ರಾತ್ರಿ, ಅರ್ಧ ಇಳಿದ ಷಟರ್‌ಗಳು, ದೀಪದ ಕಂಬದ ಕೆಳಗೆ ಒಂದು ಆಟೊ. ಇದೇ ದೃಶ್ಯವನ್ನು ತಾಮ್ರದ ತಗಡುಗಳ ಮೇಲೆ ಮೂರು ಬಗೆಯಲ್ಲಿ ಕೊರೆದು, ಇಂಕ್ ತುಂಬಿ, ಕಾಗದಕ್ಕೆ ಅಚ್ಚೊತ್ತಿ ನೋಡಿದೆ. ನನ್ನ ಓಟು ಸಾದಾ ಗೆರೆಯ ಎಚ್ಚಿಂಗ್‌ಗೆ: ತಗಡಿಗೆ ಮೇಣ ಬಳಿದು, ಸೂಜಿಯಿಂದ ಗೀರಿ, ಗೀರಿದ ಕಡೆಯಷ್ಟೇ ಆಸಿಡ್ ಕಚ್ಚುವಂತೆ ಮಾಡುವ ಬಗೆ.

ಅಕ್ವಾಟಿಂಟ್ ವಿಷಯ ಬೇಗ ಮುಗಿಸುತ್ತೇನೆ. ತಗಡಿನ ಮೇಲೆ ರಾಳದ ಪುಡಿ ಉದುರಿಸಿ, ಕಾಯಿಸಿ ಅಂಟಿಸಿದರೆ ಆಸಿಡ್ ಕಣಗಳ ಸಂದಿಯಲ್ಲಷ್ಟೇ ಕಚ್ಚುತ್ತದೆ. ಬೂದಿಯಿಂದ ಕಪ್ಪಿನವರೆಗೆ ಛಾಯೆ ಸಿಗುತ್ತದೆ. ಮಂಜಿಗೆ ಸೊಗಸು. ಆದರೆ ನೆರಳು ಬಣ್ಣ ಬಳಿದಂತೆ ಸಪಾಟಾಯಿತು, ಬೆಳಕು ಯಾವ ಕಡೆಯಿಂದ ಬಂತೆಂದು ಹೇಳಲಿಲ್ಲ. ಮಲೆನಾಡಿನ ಮಳೆಗಾಲದ ತೇವಕ್ಕೆ ಪುಡಿ ಮುದ್ದೆಗಟ್ಟುವ ಕಾಟ ಬೇರೆ.

ಡ್ರೈಪಾಯಿಂಟ್ ಮಾತ್ರ ಮನಸ್ಸು ಕೆಡಿಸಿತು. ಆಸಿಡ್ ಇಲ್ಲ, ಸೂಜಿಯಿಂದ ನೇರ ಗೀರುವುದು. ಗೀರಿನ ಅಂಚಿಗೆ ಎದ್ದ ತಾಮ್ರದ ತರಿ ಇಂಕ್ ಹಿಡಿದಿಟ್ಟು ಮಖಮಲ್ಲಿನಂಥ ಕಪ್ಪು ಕೊಡುತ್ತದೆ. ಅಮೆರಿಕದ ಮುದ್ರಣ ಕಲಾವಿದ ಮಾರ್ಟಿನ್ ಲೂಯಿಸ್ 1929ರ 'ಗ್ಲೋ ಆಫ್ ದ ಸಿಟಿ'ಯಲ್ಲಿ ನ್ಯೂಯಾರ್ಕಿನ ರಾತ್ರಿಯನ್ನು ಹಿಡಿದದ್ದು ಹೀಗೆಯೇ. ಒದ್ದೆ ಡಾಂಬರಿನ ಹೊಳಪು ನನಗೂ ಇದರಲ್ಲೇ ಚೆನ್ನಾಗಿ ಬಂತು. ತೊಂದರೆ ಪ್ರೆಸ್‌ನಲ್ಲಿದೆ: ಪ್ರತಿ ಸಲ ರೋಲರ್ ಕೆಳಗೆ ಹೋದಾಗಲೂ ತರಿ ಚಪ್ಪಟೆಯಾಗಿ, ಕಪ್ಪು ಬಡವಾಗುತ್ತ ಹೋಗುತ್ತದೆ.

ಎಚ್ಚಿಂಗ್‌ನಲ್ಲಿ ನೆರಳೆಂದರೆ ಗೆರೆಯ ಮೇಲೆ ಅಡ್ಡಗೆರೆ. ಸಂದಿಯಲ್ಲಿ ಕಾಗದ ಇಣುಕುವುದರಿಂದ ಕತ್ತಲೆಯೊಳಗೂ ಗಾಳಿ ಆಡುತ್ತದೆ. ಕಂಬದ ನೆರಳು ಬಿದ್ದ ದಿಕ್ಕಿಗೇ ಗೆರೆ ಎಳೆದರೆ ದೀಪ ಎಲ್ಲಿದೆ ಎಂದು ತೋರಿಸುವುದೇ ಬೇಡ. ಅಮೆರಿಕದ ಚಿತ್ರಕಾರ ಎಡ್ವರ್ಡ್ ಹಾಪರ್ 1921ರಲ್ಲಿ ಮಾಡಿದ 'ನೈಟ್ ಶ್ಯಾಡೋಸ್' ನೋಡಿ: ಮೇಲಿನಿಂದ ಕಾಣುವ ಖಾಲಿ ಬೀದಿಮೂಲೆ, ಒಬ್ಬನೇ ಮನುಷ್ಯ, ಅವನ ದಾರಿಗೆ ಅಡ್ಡ ಬಿದ್ದ ಕಂಬದ ನೆರಳು. ದೀಪವೇ ಚಿತ್ರದಲ್ಲಿಲ್ಲ! ಹಾಪರ್ ಎಚ್ಚಿಂಗ್ ಶುರುಮಾಡಿದಾಗ ಅದರ ತಾಂತ್ರಿಕ ಸಲಹೆ ಕೊಟ್ಟವನು ಅದೇ ಲೂಯಿಸ್ ಅನ್ನುವುದು ತಮಾಷೆ.

ಈಗಿನ ಎಲ್‌ಇಡಿ ದೀಪದ ನೆರಳಿಗೆ ಚಾಕುವಿನ ಅಂಚು. ಅದಕ್ಕೂ ಗೆರೆಯೇ ಸರಿ. ತಾಮ್ರ ಕಚ್ಚಿಸಲು ಬೇಕಾದ ಫೆರಿಕ್ ಕ್ಲೋರೈಡ್ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುತ್ತದೆ, ನೈಟ್ರಿಕ್ ಆಸಿಡ್ಡಿನ ಹೊಗೆಯಿಲ್ಲ. ತಗಡನ್ನು ಮುಖ ಕೆಳಗೆ ಮಾಡಿ ಅದ್ದಿ, ಇಲ್ಲದಿದ್ದರೆ ಗೆರೆಯೊಳಗೆ ಗಸಿ ಕೂರುತ್ತದೆ. ಇಂಕ್ ಒರೆಸುವಾಗ ಬೆಳಕಿನ ಜಾಗವನ್ನು ಪೂರ್ತಿ ಬೆಳ್ಳಗೆ ಮಾಡಿ. ಅಲ್ಲಿ ಒಂದು ತೆಳು ಪೊರೆ ಉಳಿದರೂ ನೆರಳಿನ ಜೋರು ಹೋಯಿತು. ಗೆಳೆಯರಿಗೆ ಹಂಚಲು ನಾಲ್ಕೈದು ಪ್ರತಿ ಸಾಕೆನ್ನುವವರು ಧಾರಾಳವಾಗಿ ಡ್ರೈಪಾಯಿಂಟ್ ಮಾಡಲಿ.