ಇಂಜಿನಿಯರಿಂಗ್ ಸೀಟಿಗೆ ಸಂದರ್ಶನ ಎಂದು ಯಾರಾದರೂ ಕರೆದರೆ ಹೋಗಬೇಡಿ

ಹುಬ್ಬಳ್ಳಿಯಲ್ಲಿ ಸೀಟು ಕೊಡಿಸುವ ಏಜೆಂಟರ ಸುಗ್ಗಿ ಶುರುವಾಗಿದೆ. ದ್ವಿತೀಯ ಪಿಯು ಮುಗಿಸಿದ ಮಕ್ಕಳಿರುವ ಪಾಲಕರು ದಯವಿಟ್ಟು ಇದನ್ನು ಓದಿ.

ನಮ್ಮ ಅಣ್ಣ ರೋಣದ ಕಡೆ ಒಕ್ಕಲುತನ ಮಾಡುತ್ತಾನೆ. ಮಗಳನ್ನು ಕಂಪ್ಯೂಟರ್ ಸೈನ್ಸ್ ಓದಿಸುವ ಆಸೆಯಿಂದ, ಯಾರದೋ ಮಾತು ಕೇಳಿ ಇಲ್ಲಿನ ಒಂದು 'ಪ್ರವೇಶ ಮಾರ್ಗದರ್ಶನ' ಕಚೇರಿಗೆ ಹೋಗಿದ್ದಾನೆ. 'ಸೀಟು ಸಿಗುವುದರಲ್ಲಿ ಅರ್ಧ ಪಾಲು ಸಂದರ್ಶನದ್ದು' ಎಂದಿದ್ದಾರೆ. ಟೈ ಕಟ್ಟಿದವನೊಬ್ಬ ಹುಡುಗಿಯನ್ನು ಎದುರು ಕೂರಿಸಿಕೊಂಡು ಓದಿನ ಬಗ್ಗೆ ಒಂದೆರಡು ಪ್ರಶ್ನೆ ಕೇಳಿದನಂತೆ. ಉಳಿದದ್ದೆಲ್ಲ ಅಪ್ಪನಿಗೆ ಎಷ್ಟು ಎಕರೆ, ನೀರಾವರಿಯೋ ಒಣಬೇಸಾಯವೋ ಎಂಬ ವಿಚಾರಣೆ! ಆಮೇಲೆ ಮುದ್ರೆ ಒತ್ತಿದ ಹಾಳೆ ಬಂತು: ಸಂದರ್ಶನದಲ್ಲಿ ಅಂಕ ಸಾಲದು, ಸರಿಪಡಿಸಲು 40 ಸಾವಿರ. ಕಡಲೆ ಮಾರಿದ ಹಣವನ್ನು ಅಣ್ಣ ಅಲ್ಲೇ ಎಣಿಸಿಕೊಟ್ಟ. ರಸೀದಿಯಲ್ಲಿ ಸೀಟಿನ ಮಾತೇ ಇಲ್ಲ, 'ತರಬೇತಿ ಶುಲ್ಕ' ಎಂದಷ್ಟೇ ಇದೆ. ಸಾಲದ್ದಕ್ಕೆ ಮೂಲ ಅಂಕಪಟ್ಟಿಯನ್ನೂ ಇಟ್ಟುಕೊಂಡರು.

ನಿಜ ಸಂಗತಿ ಇಷ್ಟು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಂದ ಶೇ 50, ಸಿಇಟಿ ಅಂಕಗಳಿಂದ ಶೇ 50. ಆ ಕಚೇರಿಯವರು ಹೇಳಿದ 'ಅರ್ಧ' ಹುಡುಗಿ ಆಗಲೇ ಬರೆದು ಮುಗಿಸಿದ್ದ ಪಿಯು ಪರೀಕ್ಷೆಯದು! ವೈದ್ಯಕೀಯಕ್ಕೆ ನೀಟ್, ಧಾರವಾಡದ ಐಐಟಿಯ ಬಿ.ಟೆಕ್‌ಗೆ ಜೆಇಇ ಅಡ್ವಾನ್ಸ್ಡ್. ಇವುಗಳಲ್ಲಿ ಎಲ್ಲಿಯೂ ಸಂದರ್ಶನವಿಲ್ಲ.

ಸಂದರ್ಶನಕ್ಕೆ ನಿಜವಾಗಿ ತೂಕವಿರುವುದು ಬೇರೆ ಕಡೆ. ಐಐಎಂಗಳ ಎಂಬಿಎಗೆ ಕ್ಯಾಟ್ ಬರೆದ ಮೇಲೆ ಸಂದರ್ಶನ ಇರುತ್ತದೆ. ವಿಶ್ವವಿದ್ಯಾಲಯವೇ ನಡೆಸುವ ಪಿಎಚ್‌.ಡಿ. ಪ್ರವೇಶ ಪರೀಕ್ಷೆಗೆ ಯುಜಿಸಿಯ 2022ರ ನಿಯಮದಲ್ಲಿ ಲಿಖಿತಕ್ಕೆ ಶೇ 70, ಸಂದರ್ಶನಕ್ಕೆ ಶೇ 30. ಅಲ್ಲಿ ಕರೆಯುವುದೂ ಅಂಕ ಕೊಡುವುದೂ ಸಂಸ್ಥೆಯೇ ಹೊರತು ಬಾಡಿಗೆ ಕೋಣೆಯಲ್ಲಿ ಕೂತ ಮಧ್ಯವರ್ತಿಯಲ್ಲ.

ಮ್ಯಾನೇಜ್‌ಮೆಂಟ್ ಕೋಟಾ ಸೀಟೇ ಬೇಕಿದ್ದರೂ ನೇರವಾಗಿ ಕಾಲೇಜಿನ ಕಚೇರಿಗೆ ಹೋಗಿ, ಕಾಲೇಜಿನ ಹೆಸರಿನ ರಸೀದಿ ಪಡೆದೇ ಹಣ ಕಟ್ಟಿ. ಮೂಲ ಅಂಕಪಟ್ಟಿಯನ್ನಂತೂ ಏಜೆಂಟರ ಕೈಗೆ ಕೊಡಲೇಬೇಡಿ. ದಾಖಲೆ ಪರಿಶೀಲನೆಯ ಹೊತ್ತಿಗೆ ಅದಿಲ್ಲದೆ ಹುಡುಗಿ ಅತ್ತದ್ದನ್ನು ನಾನು ಕಂಡಿದ್ದೇನೆ. ಪೊಲೀಸ್ ಠಾಣೆಗೆ ದೂರು ಕೊಟ್ಟ ಮೇಲೆ ಅಂಕಪಟ್ಟಿ ಮರಳಿ ಬಂತು, ಹಣ ಬಂದಿಲ್ಲ. 'ತರಬೇತಿ ಶುಲ್ಕ' ಎಂದು ಬರೆದ ಇಂಥ ರಸೀದಿ ನಿಮ್ಮ ಮನೆಯಲ್ಲೂ ಇದ್ದರೆ ಜೋಪಾನವಾಗಿಡಿ, ನೀವೂ ದೂರು ಕೊಡಿ.