ಟ್ರೈನಲ್ಲಿ ಎರಡು ಫೈಟು: ಹಳೇ ಬಾಂಡ್, ಹೊಸ ಬಾಂಡ್

ಸ್ಪೈ ಸಿನಿಮಾ ಹಳೇವು ಚೆನ್ನಾಗಿದ್ವಾ ಈಗಿನವು ಚೆನ್ನಾಗಿವೆಯಾ ಅಂತ ಯಾರಾದ್ರೂ ಕೇಳಿದ್ರೆ ನಾನು ಎರಡು ಸಿನಿಮಾ ಹೇಳ್ತೀನಿ, 1963ರ ಫ್ರಮ್ ರಷ್ಯಾ ವಿತ್ ಲವ್ ಮತ್ತು 2015ರ ಸ್ಪೆಕ್ಟರ್. ಎರಡೂ ಜೇಮ್ಸ್ ಬಾಂಡೇ, ಎರಡರಲ್ಲೂ ಟ್ರೈನ್ ಒಳಗೆ ಒಂದು ದೊಡ್ಡ ಫೈಟ್ ಇದೆ, ಹೊಸದನ್ನ ಮಾಡಿದವರಿಗೆ ಹಳೇದು ನೆನಪಲ್ಲಿತ್ತು ಅನ್ನೋದು ನೋಡಿದ ತಕ್ಷಣ ಗೊತ್ತಾಗತ್ತೆ. (ಕಥೆ ಪೂರ್ತಿ ಹೇಳ್ತಿದೀನಿ, ನೋಡದೇ ಇರೋರು ನೋಡ್ಕೊಂಡು ಬಂದು ಓದಿ.)

ಹಳೇದ್ರಲ್ಲಿ ಕೊಲೆಗಾರ ಗ್ರಾಂಟ್ ಆಗಿ ರಾಬರ್ಟ್ ಶಾ ಮಾಡಿದಾರೆ. ಸಿನಿಮಾ ಶುರುವಾಗೋದೇ ಅವನಿಂದ, ರಾತ್ರಿ ಹೊತ್ತು ಒಂದು ತೋಟದಲ್ಲಿ ವಾಚಿಂದ ತಂತಿ ಎಳೆದು ಒಬ್ಬನ ಕುತ್ತಿಗೆ ಬಿಗಿದು ಕೊಲ್ತಾನೆ. ಆಮೇಲೆ ಇಸ್ತಾಂಬುಲಲ್ಲಿ ಬಾಂಡ್ ಆಗಿರೋ ಶಾನ್ ಕಾನರಿ ಎಲ್ಲಿ ಹೋದ್ರೂ ಇವನು ಹಿಂದೆ ಎಲ್ಲೋ ನಿಂತಿರ್ತಾನೆ, ಒಂದು ಮಾತೂ ಆಡಲ್ಲ. ನಮಗೆ ಗೊತ್ತು, ಬಾಂಡ್‌ಗೆ ಗೊತ್ತಿಲ್ಲ. ಓರಿಯಂಟ್ ಎಕ್ಸ್‌ಪ್ರೆಸ್ ಹತ್ತಿದ ಮೇಲಂತೂ ಇಂಗ್ಲಿಷ್ ಏಜೆಂಟ್ ಅಂತ ಸುಳ್ಳು ಹೇಳ್ಕೊಂಡು ಎದುರಿಗೇ ಕೂತು ಊಟ ಮಾಡ್ತಾನೆ, ಮೀನಿನ ಜೊತೆ ಕೆಂಪು ವೈನ್ ತರಿಸ್ತಾನೆ, ಆ ಕಾಲದ ಇಂಗ್ಲಿಷ್ ದೊಡ್ಡಮನುಷ್ಯ ಯಾರೂ ಹಾಗೆ ಕುಡೀತಿರಲಿಲ್ಲ. ಬಾಂಡ್ ನೋಡ್ತಾನೆ, ಆದ್ರೆ ಅದರ ಅರ್ಥ ಹೊಳೆಯೋದು ಪಿಸ್ತೂಲ್ ತಲೆಗೆ ಬಂದ ಮೇಲೆ. ನಾವು ಮಾತ್ರ ಆ ಊಟ ಮುಗಿಯೋವರೆಗೂ ಕುರ್ಚಿ ತುದೀಲಿ ಕೂತಿರ್ತೀವಿ.

ಆಮೇಲಿನ ಸೀನ್ ಎಷ್ಟು ಸಲ ನೋಡಿದ್ರೂ ಸಾಲಲ್ಲ. ಬಾಂಡ್ ಮೊಣಕಾಲಲ್ಲಿ ಕೂತಿದಾನೆ, ಒಂದು ಸಿಗರೇಟ್ ಕೊಡು, ದುಡ್ಡು ಕೊಡ್ತೀನಿ, ಬ್ರೀಫ್‌ಕೇಸಲ್ಲಿ ಐವತ್ತು ಚಿನ್ನದ ನಾಣ್ಯ ಇದೆ ಅಂತಾನೆ. ಗ್ರಾಂಟ್‌ಗೆ ಆಸೆ. ಇನ್ನೊಂದು ಪೆಟ್ಟಿಗೇಲೂ ಇರಬಹುದು ಅಂತ ತಾನೇ ತೆಗೆಯೋಕೆ ಹೋಗ್ತಾನೆ, ಚಿಲಕ ಸರಿಯಾಗಿ ತಿರುಗಿಸದೇ ತೆಗೆದ್ರೆ ಗ್ಯಾಸ್ ಸಿಡಿಯತ್ತೆ ಅಂತ ನಮಗೆ ಸಿನಿಮಾದ ಮೊದಲ ಭಾಗದಲ್ಲೇ ತೋರಿಸಿಟ್ಟಿರ್ತಾರೆ. ಸಿಡೀತು, ದೀಪ ಒಡೀತು, ನೀಲಿ ಬೆಳಕಲ್ಲಿ ಆ ಸಣ್ಣ ಕಂಪಾರ್ಟ್‌ಮೆಂಟಲ್ಲಿ ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ಒದ್ದಾಡ್ತಾರೆ, ಹಿನ್ನೆಲೇಲಿ ಮ್ಯೂಸಿಕ್ ಇಲ್ಲ, ಬರೀ ಟ್ರೈನ್ ಸದ್ದು, ಉಸಿರು, ಗಾಜು. ಕೊನೆಗೆ ಗ್ರಾಂಟ್ ಸಾಯೋದು ಅವನದೇ ವಾಚಿನ ತಂತಿಯಿಂದ. ಮೊದಲು ತೋರಿಸಿದ ಒಂದೊಂದು ವಸ್ತುವೂ ಇಲ್ಲಿ ಕೆಲಸಕ್ಕೆ ಬರತ್ತೆ, ಡೈರೆಕ್ಟರ್ ಟೆರೆನ್ಸ್ ಯಂಗ್ ಲೆಕ್ಕ ಇಟ್ಕೊಂಡೇ ಮಾಡಿದಾರೆ.

ಸ್ಪೆಕ್ಟರಲ್ಲಿ ಡೇನಿಯಲ್ ಕ್ರೇಗ್ ಬಿಳಿ ಕೋಟ್ ಹಾಕ್ಕೊಂಡು ಮೊರಾಕೊದ ಟ್ರೈನಲ್ಲಿ ಹೀರೋಯಿನ್ ಜೊತೆ ಕೂತಿದಾನೆ, ಇದ್ದಕ್ಕಿದ್ದ ಹಾಗೆ ವಿಲನ್ ಕಡೆಯ ಕೊಲೆಗಾರ ಹಿಂಕ್ಸ್ ನುಗ್ತಾನೆ. ಆ ಪಾತ್ರ ಡೇವ್ ಬಟಿಸ್ಟಾದು, ಕುಸ್ತಿ ಮಾಡಿ ಬಂದ ಮನುಷ್ಯ, ಏಟು ಬಿದ್ರೆ ನಿಜವಾಗ್ಲೂ ಬಿದ್ದ ಹಾಗೇ ಇರತ್ತೆ, ಫೈಟ್ ಚೆನ್ನಾಗಿಲ್ಲ ಅಂತ ನಾನು ಹೇಳಲ್ಲ. ಗೋಡೆ ಒಡ್ಕೊಂಡು ಬೋಗಿಯಿಂದ ಬೋಗಿಗೆ ಹೋಗ್ತಾರೆ, ಕೊನೆಗೆ ಕುತ್ತಿಗೆಗೆ ಹಗ್ಗ ಸಿಕ್ಕಿ ಅವನು ಟ್ರೈನಿಂದ ಹೊರಗೆ. ಆದ್ರೆ ಅವನು ಟ್ರೈನಲ್ಲಿ ಇದಾನೆ ಅಂತ ನಮಗೆ ಮೊದಲೇ ಗೊತ್ತಿರಲಿಲ್ಲವಲ್ಲ, ಹಾಗಾಗಿ ಬಂದಾಗ ಒಂದು ಸಲ ಬೆಚ್ಚಿಬೀಳ್ತೀವಿ, ಅಷ್ಟೇ. ಕಾಯೋ ಹೆದರಿಕೆ ಇಲ್ಲ. ಅದೇ ಸಿನಿಮಾದಲ್ಲಿ ವಿಲನ್ನೇ ಹಳೇ ಬಾಂಡ್ ಸಿನಿಮಾಗಳ ಶತ್ರು ಬ್ಲೋಫೆಲ್ಡ್ ಅನ್ನೋದನ್ನೂ, ಅವನಿಗೂ ಬಾಂಡ್‌ಗೂ ಬಾಲ್ಯದ ನಂಟಿದೆ ಅನ್ನೋದನ್ನೂ ಮುಚ್ಚಿಟ್ಟು ಆಮೇಲೆ ಬಿಚ್ಚಿಡ್ತಾರೆ, ಗೊತ್ತಾದ ಮೇಲೂ ನಂಗೇನೂ ಅನಿಸಲಿಲ್ಲ. ಹಳೇದು 115 ನಿಮಿಷ, ಇದು 148, ಆ ಹೆಚ್ಚಿನ ಅರ್ಧ ಗಂಟೆ ಎಲ್ಲಿ ಹೋಯ್ತೋ.

ಹಳೇ ಸಿನಿಮಾ ನಮ್ಮನ್ನ ನಂಬಿ ಗುಟ್ಟು ಹೇಳ್ತಿತ್ತು, ಈಗಿನ ಸುಮಾರು ಸಿನಿಮಾ ನಮ್ಮಿಂದಲೇ ಮುಚ್ಚಿಡತ್ತೆ, ನನ್ನ ತಕರಾರು ಇದೊಂದೇ. ಕಾರು, ಹೆಲಿಕಾಪ್ಟರ್, ದುಡ್ಡು ಎಲ್ಲ ಇರಲಿ ಬಿಡಿ, ನಂಗೂ ಇಷ್ಟ.

ಎಲ್ಲ ಹೊಸವೂ ಹೀಗೇ ಅಂತಲ್ಲ. 2007ರ ಬೋರ್ನ್ ಅಲ್ಟಿಮೇಟಮಲ್ಲಿ ಲಂಡನ್ನಿನ ವಾಟರ್‌ಲೂ ಸ್ಟೇಷನ್ ಸೀನ್ ತಗೊಳ್ಳಿ, ಮ್ಯಾಟ್ ಡೇಮನ್ ಒಬ್ಬ ಪತ್ರಕರ್ತನ ಜೇಬಿಗೆ ಫೋನ್ ಹಾಕಿ ಬಗ್ಗು, ಶೂ ಲೇಸ್ ಕಟ್ಟು, ಈಗ ನಡಿ ಅಂತ ಹೇಳ್ತಾ ಜನಜಂಗುಳೀಲಿ ನಡೆಸ್ತಾನೆ, ಆ ಕಡೆ ಸಿಐಎದವರು ಕ್ಯಾಮೆರಾದಲ್ಲಿ ಹುಡುಕ್ತಿದಾರೆ, ಎರಡೂ ಕಡೆ ನಮಗೆ ಕಾಣತ್ತೆ. ಪತ್ರಕರ್ತ ಗಾಬರಿಯಾಗಿ ಮಾತು ಕೇಳದೇ ಆಚೆ ಬಂದಾಗ ಬೇಡ ಕಣಯ್ಯಾ ಅಂತ ಬಾಯಿಗೇ ಬರತ್ತೆ. ಕ್ಯಾಮೆರಾ ಅಲ್ಲಾಡೋದು ಕೆಲವರಿಗೆ ತಲೆನೋವು ತರಬಹುದು, ಅದು ನಿಜ.

ಹಿಂದೀಲಿ 2018ರ ರಾಝಿ. 1971ರ ಯುದ್ಧಕ್ಕೆ ಮುಂಚೆ ಕಾಶ್ಮೀರದ ಹುಡುಗಿ ಪಾಕಿಸ್ತಾನದ ಸೈನ್ಯದವರ ಮನೆಗೆ ಸೊಸೆಯಾಗಿ ಹೋಗಿ ಅಲ್ಲಿಂದ ಸುದ್ದಿ ಕಳಿಸೋ ಕಥೆ. ಗಂಡ ಒಳ್ಳೆಯವನು, ಮಾವ ಮಗಳ ಥರ ನೋಡ್ಕೊಳ್ತಾರೆ, ಆಳು ಅಬ್ದುಲ್ ಒಬ್ಬನಿಗೆ ಮಾತ್ರ ಅನುಮಾನ. ಅವನು ಬಾಗಿಲ ಹತ್ರ ಬಂದ್ರೆ ಸಾಕು ನಮ್ಮ ಎದೆ ಹೊಡ್ಕೊಳ್ಳತ್ತೆ. ಆಲಿಯಾ ಭಟ್ ಅವನನ್ನ ಜೀಪಲ್ಲಿ ಅಟ್ಟಿಸ್ಕೊಂಡು ಹೋಗೋ ಹೊತ್ತಿಗೆ ಯಾರು ಉಳಿಬೇಕು ಅಂತ ಬಯಸೋದೋ ತಿಳಿಯಲ್ಲ. 1963ರ ಆ ಟ್ರೈನಿನ ನಿಜವಾದ ವಾರಸುದಾರ ಸ್ಪೆಕ್ಟರ್ ಅಲ್ಲ, ಇದು.

ನಮ್ಮ ಅಣ್ಣಾವ್ರ ಸಿನಿಮಾ ಬಿಟ್ರೆ ತಪ್ಪಾಗತ್ತೆ. ಬಾಂಡ್ ಅಲೆ ಇದ್ದಾಗ್ಲೇ ದೊರೆ-ಭಗವಾನ್ 1968ರಲ್ಲಿ ಜೇಡರ ಬಲೆ, ಗೋವಾದಲ್ಲಿ ಸಿಐಡಿ 999 ಎರಡೂ ಮಾಡಿದ್ರು, ಮಾರನೇ ವರ್ಷ ಆಪರೇಷನ್ ಜಾಕ್‌ಪಾಟ್, 1978ರಲ್ಲಿ ಆಪರೇಷನ್ ಡೈಮಂಡ್ ರಾಕೆಟ್. ಬಾಂಡ್‌ಗಿದ್ದ ದುಡ್ಡು ಇವಕ್ಕೆ ಇರಲಿಲ್ಲ, ಸೆಟ್ ನೋಡಿದ್ರೆ ಗೊತ್ತಾಗತ್ತೆ, ಆದ್ರೆ ಪೌರಾಣಿಕ ಪಾತ್ರ ಮಾಡ್ತಿದ್ದ ರಾಜ್‌ಕುಮಾರ್ ಸೂಟ್ ಹಾಕ್ಕೊಂಡು ಬಂದ್ರೆ ಒಂದು ಕ್ಷಣಾನೂ ಅನುಮಾನ ಬರಲ್ಲ, ಆ ಸಲೀಸುತನ ನೋಡೋಕಾದ್ರೂ ನೋಡಬೇಕು. ಇಫ್ ಯೂ ಕಮ್ ಟುಡೇ ಹಾಡು ಡೈಮಂಡ್ ರಾಕೆಟಿಂದು, ಹಾಡಷ್ಟೇ ಕೇಳಿರೋರು ಸಿನಿಮಾನೂ ಹುಡುಕಿ ನೋಡಿ.

ಶುರು ಮಾಡೋರು ಫ್ರಮ್ ರಷ್ಯಾದಿಂದ ಶುರು ಮಾಡಿ, ಮೊದಲ ಅರ್ಧ ಗಂಟೆ ನಿಧಾನ, ಫಾರ್ವರ್ಡ್ ಮಾಡಬೇಡಿ, ಬ್ರೀಫ್‌ಕೇಸ್ ತೋರಿಸೋದು ಆಗಲೇ. ಬೋರ್ನ್ ಆದ್ರೆ ಮೊದಲಿನ ಎರಡು ಭಾಗ ನೋಡಿಯೇ ಮೂರನೇದಕ್ಕೆ ಬನ್ನಿ. ಸ್ಪೆಕ್ಟರನ್ನ ಕೊನೆಗೆ ಇಟ್ಕೊಳ್ಳಿ.