ಸೆಪ್ಟಿಕ್ ಶಾಕ್: ನಾರ್‌ಎಪಿನೆಫ್ರಿನ್ ಸಾಲದಾದಾಗ ಮುಂದಿನ ಔಷಧ ಯಾವುದು?

ಸೋಂಕಿನಿಂದ ರಕ್ತದೊತ್ತಡ ಅಪಾಯಕಾರಿಯಾಗಿ ಕುಸಿಯುವುದೇ ಸೆಪ್ಟಿಕ್ ಶಾಕ್. ಅದಕ್ಕೆ ಮೊದಲು ಕೊಡುವ, ರಕ್ತನಾಳ ಬಿಗಿಸುವ ಔಷಧ ನಾರ್‌ಎಪಿನೆಫ್ರಿನ್. ಅದು ಪ್ರತಿ ಕಿಲೋ ತೂಕಕ್ಕೆ ನಿಮಿಷಕ್ಕೆ 0.25 ಮೈಕ್ರೊಗ್ರಾಂ ದಾಟಿದರೂ ಸರಾಸರಿ ರಕ್ತದೊತ್ತಡ 65 ಮಿ.ಮೀ. ಪಾದರಸ ಮುಟ್ಟದಿದ್ದರೆ, ಮೊದಲು ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿ. ಹೃದಯವೇ ಸೋತಿದ್ದರೆ ರಕ್ತನಾಳ ಬಿಗಿಸುವ ಔಷಧ ಹೊರೆ ಹೆಚ್ಚಿಸುತ್ತದೆ. ಅಲ್ಲಿ ಹೃದಯಕ್ಕೆ ಬಲ ಕೊಡುವ ಡೊಬುಟಮಿನ್ ಅಥವಾ ಎಪಿನೆಫ್ರಿನ್ ಬೇಕು.

ಹೃದಯ ಗಟ್ಟಿಯಿದ್ದರೆ, ರಕ್ತನಾಳ ಬಿಗಿಸುವ ಹಾರ್ಮೋನ್ ವಾಸೋಪ್ರೆಸಿನ್ ನಮ್ಮ ಮೊದಲ ಆಯ್ಕೆ: ನಿಮಿಷಕ್ಕೆ 0.03 ಯೂನಿಟ್, ಸ್ಥಿರವಾಗಿ. ಏರಿಸುತ್ತ ಹೋದರೆ ಬೆರಳು, ಕರುಳುಗಳಿಗೆ ರಕ್ತ ಸಾಲದು. ನಾಲ್ಕು ಗಂಟೆಯಾದರೂ ನಾರ್‌ಎಪಿನೆಫ್ರಿನ್ ಇಳಿಸಲಾಗದಿದ್ದರೆ ಹೈಡ್ರೊಕಾರ್ಟಿಸೋನ್ ಎಂಬ ಸ್ಟೀರಾಯ್ಡ್, ಆರು ಗಂಟೆಗೊಮ್ಮೆ 50 ಮಿಲಿಗ್ರಾಂ. ಇದು ವಾಸೋಪ್ರೆಸಿನ್ ಬದಲಿಗಲ್ಲ, ಅದರ ಜೊತೆಗೆ. ಸಕ್ಕರೆ ಏರುವುದನ್ನು ಗಮನಿಸಿ.

ಇವೂ ಸಾಲದಾದರೆ ಇನ್ನೆರಡು ಔಷಧಗಳಿವೆ. ಆಂಜಿಯೋಟೆನ್ಸಿನ್-2 ಒತ್ತಡ ಬೇಗ ಏರಿಸುತ್ತದೆ, ಆದರೆ ರಕ್ತ ಹೆಪ್ಪುಗಟ್ಟುವ ಭಯವಿದೆ. ಮೆಥಿಲೀನ್ ಬ್ಲೂ ರಕ್ತನಾಳ ಸಡಿಲಿಸುವ ನೈಟ್ರಿಕ್ ಆಕ್ಸೈಡ್‌ನ ದಾರಿ ತಡೆಯುತ್ತದೆ. ಜಿ6ಪಿಡಿ (ಕೆಂಪು ರಕ್ತಕಣ ಕಾಯುವ ಕಿಣ್ವ) ಕೊರತೆಯಿದ್ದರೆ, ಸೆರೊಟೋನಿನ್ ಹೆಚ್ಚಿಸುವ ಮಾತ್ರೆಗಳಿದ್ದರೆ ಅದು ಬೇಡವೇ ಬೇಡ. ಕೊಟ್ಟ ಮೇಲೆ ಪಲ್ಸ್ ಆಕ್ಸಿಮೀಟರ್ ಸುಳ್ಳೇ ಕಡಿಮೆ ತೋರಿಸುತ್ತದೆ. ರಕ್ತದ ಅನಿಲ ಪರೀಕ್ಷೆಯನ್ನೇ ನಂಬಿ.